ಹಸುಗೂಸಿನ ಆರೈಕೆ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಹಳೆಯ ಪದ್ಧತಿ, ಹೊಸ ಪದ್ಧತಿ

ಮನುಷ್ಯನ ಆಯುಷ್ಯದಲ್ಲಿ ಮೊದಲ ವರ್ಷದಷ್ಟು ಸೂಕ್ಷ್ಮವಾದ ಕಾಲ ಮತ್ತೊಂದಿಲ್ಲ. ಆ ಒಂದು ವರ್ಷದಲ್ಲಿ ಕೂಸು ಹುಟ್ಟಿದಾಗಿನ ತೂಕದ ಸುಮಾರು ಮೂರರಷ್ಟಾಗಬೇಕು. ಕತ್ತು ನಿಲ್ಲಬೇಕು, ಕೂರಬೇಕು, ಅಂಬೆಗಾಲಿಡಬೇಕು, ಮೊದಲ ತೊದಲು ನುಡಿ ಹೊರಡಬೇಕು. ಇವೆಲ್ಲವೂ ತಾಯಿಯ ಮಡಿಲಲ್ಲಿಯೇ ನಡೆಯತಕ್ಕ ಕಾರ್ಯಗಳು. ಶಾಲೆಗೆ ಬಂದ ಮಗುವನ್ನು ಅಧ್ಯಾಪಕರು ತಿದ್ದುವುದಕ್ಕೆ ಐದಾರು ವರ್ಷ ಮೊದಲೇ ಆ ಮಗುವಿನ ದೇಹ ಮತ್ತು ಬುದ್ಧಿಗಳ ತಳಪಾಯವನ್ನು ಒಬ್ಬ ತಾಯಿಯೂ ಒಬ್ಬ ಅಜ್ಜಿಯೂ ಹಾಕಿ ಮುಗಿಸಿರುತ್ತಾರೆ. ಆದಕಾರಣ ಶಿಶುಪಾಲನೆಯ ವಿಚಾರವು ಶಿಕ್ಷಣದ ವಿಚಾರವೂ ಹೌದು.

ಈ ವಿಷಯವನ್ನು ಕುರಿತು ಎರಡು ಬಗೆಯ ಅತಿಯಾದ ಮಾತುಗಳು ಕೇಳಿಬರುತ್ತವೆ. ಹಳ್ಳಿಯ ಪದ್ಧತಿಗಳೆಲ್ಲವೂ ಮೌಢ್ಯವೆಂಬುದು ಒಂದು. ಅಜ್ಜಿಯರು ಮಾಡಿದ್ದೆಲ್ಲವೂ ಅಮೃತವೆಂಬುದು ಇನ್ನೊಂದು. ಇವೆರಡೂ ಪರೀಕ್ಷೆಗೆ ನಿಲ್ಲುವುದಿಲ್ಲ. ಹಸುಗೂಸಿಗೆ ಮುಖ್ಯವಾಗಿ ಬೇಕಾದುವು ನಾಲ್ಕು: ತಾಯಿಯ ಹಾಲು, ಬಿಸುಪು, ಶುಚಿತ್ವ, ತಾಯಿಯ ಸಾಮೀಪ್ಯ. ಯಾವುದೇ ಪದ್ಧತಿಯಾಗಲಿ, ಅದು ಹಳೆಯದೋ ಹೊಸದೋ ಎಂದು ಕೇಳುವುದಕ್ಕಿಂತ, ಈ ನಾಲ್ಕನ್ನು ಅದು ಕೂಸಿಗೆ ಕೊಡುತ್ತದೆಯೋ ಕೂಸಿನಿಂದ ಕಸಿಯುತ್ತದೆಯೋ ಎಂದು ಕೇಳುವುದೇ ಸರಿಯಾದ ಅಳತೆಗೋಲು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯ ಶಿಶುಪಾಲನೆಯ ರೂಢಿಗಳನ್ನು ಈ ಅಳತೆಗೋಲಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಹಿನ್ನೆಲೆ

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಬದುಕಿನ ರೀತಿಯಲ್ಲಿ ಸಾಕಷ್ಟು ಭಿನ್ನವಾಗಿವೆ. ಹಿಂದೆ ಎಡತೊರೆ ಎಂದು ಹೆಸರಾಗಿದ್ದ ಕೃಷ್ಣರಾಜನಗರವು ಕಾವೇರಿಯ ನಾಲೆಗಳ ನೀರಿನಿಂದ ಭತ್ತ ಬೆಳೆಯುವ ಸೀಮೆ. ಲಕ್ಷ್ಮಣತೀರ್ಥದ ದಡದ ಹುಣಸೂರು ಹಾಗೂ ಕೊಡಗಿನ ಗಡಿಗೆ ತಾಗಿದ ಪಿರಿಯಾಪಟ್ಟಣಗಳು ರಾಗಿಯ ಜೊತೆಗೆ ಹೊಗೆಸೊಪ್ಪಿಗೆ ಹೆಸರಾದುವು. ಹೆಗ್ಗಡದೇವನಕೋಟೆಯಲ್ಲಿ ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವಿದೆ. ನಾಗರಹೊಳೆ ಮತ್ತು ಬಂಡೀಪುರಗಳ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಜನರ ಹಾಡಿಗಳಿವೆ. ಸರಗೂರು ಹಾಗೂ ಸಾಲಿಗ್ರಾಮಗಳು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಜನಜೀವನದ ದೃಷ್ಟಿಯಿಂದ ಅವು ಹಳೆಯ ಸೀಮೆಯ ಭಾಗಗಳೇ ಆಗಿವೆ.

ಊಟದಲ್ಲಿ, ದುಡಿಮೆಯಲ್ಲಿ, ದೈವದಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಬಾಣಂತನದ ಕೋಣೆಯಲ್ಲಿ ಮಾತ್ರ ಈ ಸೀಮೆಯ ಮನೆಗಳು ಬಹುಮಟ್ಟಿಗೆ ಒಂದೇ ರೀತಿಯವು. ಹರಳೆಣ್ಣೆಯ ವಾಸನೆ, ಸಾಂಬ್ರಾಣಿಯ ಹೊಗೆ, ಕಾಯುತ್ತಿರುವ ನೀರಿನ ಹಂಡೆ, ಬೆಳ್ಳುಳ್ಳಿ ಮೆಣಸಿನ ಸಾರು ಎಲ್ಲ ಮನೆಗಳಿಗೂ ಸಾಮಾನ್ಯವಾದುವು.

ಬಾಣಂತನ ಎಂಬ ವ್ಯವಸ್ಥೆ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಈ ಸೀಮೆಯ ರೂಢಿ. ಹೆರಿಗೆಯ ನಂತರ ಮೂರು ತಿಂಗಳು, ಅನುಕೂಲವಿದ್ದವರಲ್ಲಿ ಐದು ತಿಂಗಳು, ಆಕೆ ತಾಯಿಯ ಮನೆಯಲ್ಲಿಯೇ ಉಳಿಯುತ್ತಾಳೆ. ಈ ಅವಧಿಯಲ್ಲಿ ಆಕೆ ಭಾರ ಎತ್ತುವಂತಿಲ್ಲ, ಗದ್ದೆಗಿಳಿಯುವಂತಿಲ್ಲ, ಥಂಡಿಗೆ ಮೈಯೊಡ್ಡುವಂತಿಲ್ಲ. ಮೇಲುನೋಟಕ್ಕೆ ಇವು ಕಟ್ಟುಪಾಡುಗಳೆಂದು ತೋರಿದರೂ ಇವುಗಳ ಫಲ ಒಂದೇ: ತಾಯಿಯೂ ಕೂಸೂ ಬಿಡದೆ ಜೊತೆಯಲ್ಲಿರುವುದು. ಸಂಘಟಿತ ಉದ್ಯೋಗದಲ್ಲಿರುವ ಮಹಿಳೆಗೆ ೧೯೬೧ರ ಕಾನೂನು ಹೆರಿಗೆ ರಜೆಯನ್ನು ಒದಗಿಸಿತು. ೨೦೧೭ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಅದನ್ನು ೨೬ ವಾರಗಳಿಗೆ ಏರಿಸಿತು. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಅಂಥ ರಜೆ ಇಲ್ಲ. ಅವಳ ಪಾಲಿಗೆ ತವರಿನ ಬಾಣಂತನವೇ ಹೆರಿಗೆ ರಜೆ. ಇದನ್ನು ಹಿರಿಯರ ವಿವೇಕವೆಂದು ಒಪ್ಪಿಕೊಳ್ಳಬೇಕು.

ಆದರೆ ಇದೇ ಬಾಣಂತನದಲ್ಲಿ ಹಾನಿಕರವಾದ ಅಂಶಗಳೂ ಬೆರೆತಿವೆ. ಹಸಿ ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ನಂಜಾಗುತ್ತದೆಂದು ಬಾಯಾರಿದರೂ ಕೊಡದಿರುವ ಮನೆಗಳಿದ್ದುವು. ಹಣ್ಣು, ಮೊಸರು, ಹಲವು ತರಕಾರಿಗಳು ಶೀತವೆಂದು ಪಥ್ಯದಿಂದ ಹೊರಗುಳಿದುವು. ಎದೆಹಾಲು ಕೊಡುವ ತಾಯಿಗೆ ಸಾಮಾನ್ಯ ದಿನಗಳಿಗಿಂತ ಹೆಚ್ಚು ನೀರೂ ಹೆಚ್ಚು ಆಹಾರವೂ ಬೇಕೆಂಬುದು ವೈದ್ಯಶಾಸ್ತ್ರದ ನಿರ್ಣಯ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪ, ಕೊಬ್ಬರಿ ಮತ್ತು ಅಂಟಿನ ಉಂಡೆಗಳನ್ನು ಕೊಡುವ ರೂಢಿ ಒಳ್ಳೆಯದೇ. ಬೇಳೆ, ಹಸಿರು ಸೊಪ್ಪು, ಹಣ್ಣು, ಹಾಲುಗಳನ್ನು ಅದರ ಜೊತೆಗೆ ಸೇರಿಸಿದರೆ ಪಥ್ಯ ಪೂರ್ಣವಾಗುತ್ತದೆ.

ಗಾಳಿ ಬೆಳಕಿಲ್ಲದ ಮೂಲೆಯಲ್ಲಿ ಬಾಣಂತಿಯನ್ನು ಮೈಲಿಗೆಯೆಂದು ಕೂರಿಸುವುದು ಮತ್ತೊಂದು ದೋಷ. ಈ ವಿಷಯದಲ್ಲಿ ಹನ್ನೆರಡನೆಯ ಶತಮಾನದ ಶರಣರ ನಿಲುವು ಸ್ಮರಣೀಯವಾದುದು. ಅವರು ನಿರಾಕರಿಸಿದ ಪಂಚಸೂತಕಗಳಲ್ಲಿ ಜನನಸೂತಕವೂ ಒಂದು. ಹೆತ್ತ ತಾಯಿಯಲ್ಲಿಯೂ ಹುಟ್ಟಿದ ಕೂಸಿನಲ್ಲಿಯೂ ಮೈಲಿಗೆಯಿಲ್ಲವೆಂಬ ಈ ನಿಲುವನ್ನು ಆಚರಣೆಗೆ ತಂದ ಮನೆಯಲ್ಲಿ ಬಾಣಂತಿಗೆ ಬೆಳಕಿನ ಕೋಣೆ, ಶುಭ್ರವಾದ ಹಾಸಿಗೆ, ಮನೆಮಂದಿಯ ಮಾತುಕತೆ ದೊರೆಯಬೇಕು. ಮೈಲಿಗೆಯ ಹೆಸರಿನಲ್ಲಿ ಹಳೆಯ ಚಿಂದಿಬಟ್ಟೆಯನ್ನು ಕೊಡುವ ಪದ್ಧತಿಯಂತೂ ರೋಗಾಣುಗಳಿಗೆ ಕೊಟ್ಟ ಆಹ್ವಾನವೇ ಸರಿ.

ಸೂಲಗಿತ್ತಿಯರ ಮಾತನ್ನೂ ಇಲ್ಲಿಯೇ ಹೇಳಬೇಕು. ರಸ್ತೆಯಿಲ್ಲದ ಕಾಲದಲ್ಲಿ ಸಾವಿರಾರು ತಾಯಂದಿರ ಜೀವವನ್ನು ಉಳಿಸಿದವರು ಅವರು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತದ್ದು ಆ ಸಮಸ್ತ ಪರಂಪರೆಗೆ ಸಂದ ಗೌರವ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಕರ್ನಾಟಕದಲ್ಲಿ ಹೆರಿಗೆ ಬಹುಮಟ್ಟಿಗೆ ಆಸ್ಪತ್ರೆಗೆ ಸ್ಥಳಾಂತರಗೊಂಡಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಇದು ಸಾಮಾನ್ಯ ಸಾಧನೆಯಲ್ಲ.

ಗಿಣ್ಣು ಮತ್ತು ಮೊದಲ ಹಾಲು

ಈ ಸೀಮೆಯ ರೈತನ ಮನೆಯಲ್ಲಿ ಹಸು ಈದರೆ ಮೊದಲ ಹಾಲು ಕರುವಿಗೆ. ಕರು ಎದ್ದು ನಿಲ್ಲಲಾರದಿದ್ದರೆ ಅದನ್ನು ಹಿಡಿದು ಕೆಚ್ಚಲಿಗೆ ಹಚ್ಚುತ್ತಾರೆ. ಗಿಣ್ಣು ಕುಡಿಯದ ಕರು ಬದುಕಲಾರದು, ಬದುಕಿದರೂ ಬಡಕಲಾಗುತ್ತದೆ ಎಂಬುದು ದನಕಾಯುವ ಹುಡುಗನಿಗೂ ಗೊತ್ತಿರುವ ಸಂಗತಿ. ಕರು ಕುಡಿದು ಮಿಕ್ಕ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ನೆರೆಮನೆಗೂ ಹೋಗುತ್ತದೆ.

ಅದೇ ಮನೆಯಲ್ಲಿ ಸೊಸೆ ಹೆತ್ತಾಗ ನಡೆಯುತ್ತಿದ್ದುದು ಇದಕ್ಕೆ ವಿರುದ್ಧವಾದುದು. ಮೊದಲ ಎರಡು ಮೂರು ದಿನಗಳ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆ ನೀರು, ಜೇನು, ಹರಳೆಣ್ಣೆಯ ಹನಿ, ಹಸುವಿನ ಹಾಲುಗಳನ್ನು ನೆಕ್ಕಿಸುವ ರೂಢಿ ಅನೇಕ ಮನೆಗಳಲ್ಲಿತ್ತು. ಕರುವಿಗೆ ಸಲ್ಲಿಸಿದ ನ್ಯಾಯವನ್ನು ಕೂಸಿಗೆ ಸಲ್ಲಿಸಲಿಲ್ಲ. ವಾಸ್ತವವಾಗಿ ತಾಯಿಯ ಈ ಮೊದಲ ಹಾಲೇ ಮಾನವ ಶಿಶುವಿನ ಗಿಣ್ಣು. ರೋಗನಿರೋಧಕ ದ್ರವ್ಯಗಳೂ ‘ಎ’ ಜೀವಸತ್ತ್ವವೂ ಅದರಲ್ಲಿ ಸಮೃದ್ಧವಾಗಿರುತ್ತವೆ. ಪ್ರಮಾಣ ಅಲ್ಪವೆಂದು ತೋರಿದರೂ ಹುಟ್ಟಿದ ಕೂಸಿನ ಪುಟ್ಟ ಹೊಟ್ಟೆಗೆ ಅದು ಸಾಕು. ಅದು ಕೂಸಿನ ಮೊದಲ ಕಪ್ಪು ಮಲವನ್ನು ಸರಾಗವಾಗಿ ಹೊರಹಾಕಿಸುತ್ತದೆ. ಹರಳೆಣ್ಣೆಯ ಅಗತ್ಯವೇ ಬೀಳುವುದಿಲ್ಲ. ಕಾಡಂಚಿನ ಊರುಗಳಲ್ಲಿ ಶ್ರೇಷ್ಠವೆನಿಸಿದ ಜೇನು ಕೂಡ ಒಂದು ವರ್ಷದೊಳಗಿನ ಶಿಶುವಿಗೆ ಸಲ್ಲದು. ಜೇನಿನಲ್ಲಿರಬಹುದಾದ ಒಂದು ಬಗೆಯ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲುದು.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು. ಮೊದಲ ಆರು ತಿಂಗಳು ನೀರನ್ನೂ ಕೊಡದೆ ಎದೆಹಾಲನ್ನು ಮಾತ್ರವೇ ಕೊಡಬೇಕು. ಅನಂತರ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲನ್ನು ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಮೂರರಲ್ಲಿ ಕೊನೆಯದನ್ನು ಹಳ್ಳಿಯ ತಾಯಂದಿರು ಯಾರೂ ಹೇಳಿಕೊಡದೆಯೇ ಪಾಲಿಸಿಕೊಂಡು ಬಂದವರು. ತೊಡಕಿರುವುದು ಮೊದಲೆರಡರಲ್ಲಿ.

ಇಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ದೊರೆತ ಶಿಶುಗಳ ಪ್ರಮಾಣ ರಾಜ್ಯದಲ್ಲಿ ಸುಮಾರು ಅರ್ಧ ಮಾತ್ರ. ನೂರಕ್ಕೆ ತೊಂಬತ್ತೇಳು ಕೂಸುಗಳು ಆಸ್ಪತ್ರೆಯ ಸೂರಿನಡಿ ಹುಟ್ಟಿದರೂ ಅವುಗಳಲ್ಲಿ ಅರ್ಧದಷ್ಟಕ್ಕೆ ಸಕಾಲದಲ್ಲಿ ಮೊದಲ ಹಾಲು ದಕ್ಕಿಲ್ಲ. ಹಿಂದೆ ತಾಯಿಗೂ ಕೂಸಿಗೂ ನಡುವೆ ನಿಂತದ್ದು ನಂಬಿಕೆ. ಈಗ ನಿಲ್ಲುವುದು ಶಸ್ತ್ರಚಿಕಿತ್ಸೆಯ ನಂತರದ ವಿಳಂಬ, ದಾದಿಯರ ಕೊರತೆ, ಬಂಧುಗಳ ಗದ್ದಲ, ಪುಡಿಹಾಲಿನ ಡಬ್ಬಿ. ಸ್ಥಳ ಬದಲಾದ ಮಾತ್ರಕ್ಕೆ ಪದ್ಧತಿ ಬದಲಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎಣ್ಣೆ, ನೀರು, ಬಿಸುಪು

ಕಾಲು ನೀಡಿ ಕುಳಿತು, ಕೂಸನ್ನು ಮೊಳಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರೆರೆಯುವುದು ಒಂದು ಕಲೆಯೇ ಸರಿ. ಈ ಸೀಮೆಯಲ್ಲಿ ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯಿಂದ ಮೈ ನೀವಿ, ಕಡಲೆಹಿಟ್ಟಿನಿಂದ ಜಿಡ್ಡು ತೆಗೆದು, ಹದವಾದ ಬಿಸಿನೀರೆರೆದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಾರೆ. ಮೃದುವಾಗಿ ನೀವುವುದರಿಂದ ಕೂಸಿನ ಚರ್ಮಕ್ಕೆ ರಕ್ಷಣೆ ದೊರೆಯುತ್ತದೆ; ನಿದ್ರೆ ಚೆನ್ನಾಗಿ ಬರುತ್ತದೆ; ಎಲ್ಲಕ್ಕಿಂತ ಮಿಗಿಲಾಗಿ ಹಿರಿಯರ ಕೈಯ ಸ್ಪರ್ಶ ಕೂಸಿಗೆ ಪರಿಚಯವಾಗುತ್ತದೆ. ಇದನ್ನು ಬಿಡಬೇಕಾದ ಕಾರಣವಿಲ್ಲ.

ಬಿಡಬೇಕಾದುವು ಬೇರೆ. ಹುಟ್ಟಿದೊಡನೆ ನೀರೆರೆಯುವುದರಿಂದ ಕೂಸಿನ ಮೈ ತಣ್ಣಗಾಗುತ್ತದೆ. ಮೊದಲ ಸ್ನಾನವನ್ನು ಕನಿಷ್ಠ ೨೪ ಗಂಟೆಗಳ ಕಾಲ ಮುಂದೂಡಬೇಕು. ತೂಕ ಕಡಿಮೆಯಿದ್ದ ಕೂಸಿಗೆ ಇನ್ನೂ ಕೆಲವು ದಿನ ಒರೆಸಿದರೆ ಸಾಕು. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದರಿಂದ, ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವ ಅಪಾಯವುಂಟು. ಹಸುಗೂಸಿನ ಎದೆ ಊದಿಕೊಂಡಿದ್ದರೆ ಹಾಲು ಹಿಂಡುವ ಪದ್ಧತಿಯಿಂದ ಬಾವಾಗುತ್ತದೆ. ಆ ಊತ ತಾಯಿಯ ಹಾರ್ಮೋನುಗಳ ಪರಿಣಾಮವಾಗಿದ್ದು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೊಕ್ಕುಳ ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ, ಸಗಣಿಯ ಬೂದಿ ಇತ್ಯಾದಿಗಳನ್ನು ಹಚ್ಚದೆ ಒಣಗಿಸಿಡುವುದೇ ಉತ್ತಮ ಚಿಕಿತ್ಸೆ. ಬಳ್ಳಿಯನ್ನು ಕೊಯ್ಯುವ ಆಯುಧದ ಅಶುಚಿಯಿಂದ ಹಾಗೂ ಇಂಥ ಲೇಪಗಳಿಂದ ಬರುತ್ತಿದ್ದ ಧನುರ್ವಾಯುವಿಗೆ ಹಿಂದೆ ಅಸಂಖ್ಯ ಶಿಶುಗಳು ಬಲಿಯಾದುವು. ಹುಟ್ಟಿದ ಒಂದು ವಾರದ ಆಸುಪಾಸಿನಲ್ಲಿ ಕೂಸು ಸೆಟೆದುಕೊಂಡು ಸತ್ತಾಗ ಅದನ್ನು ಬಾಲಗ್ರಹವೆಂದು ಕರೆದು ಜನ ದೈವಕ್ಕೆ ಹರಕೆ ಹೊತ್ತರು. ಗರ್ಭಿಣಿಗೆ ಕೊಡುವ ಧನುರ್ವಾಯುವಿನ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆ ಆ ಗ್ರಹವನ್ನು ಬಿಡಿಸಿದುವು. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲನವಾಗಿದೆಯೆಂದು ೨೦೧೫ರಲ್ಲಿ ಘೋಷಿಸಲಾಯಿತು.

ಬಿಸುಪಿನ ವಿಷಯದಲ್ಲಿ ಹಳೆಯದೂ ಹೊಸದೂ ಒಂದಾಗಿರುವುದನ್ನು ಕಾಣಬಹುದು. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು, ಶಾಖಪೆಟ್ಟಿಗೆಗಳು ಸಾಲದಿದ್ದಾಗ, ದಿನ ತುಂಬದ ಶಿಶುಗಳನ್ನು ತಾಯಿಯ ಬರಿಯ ಎದೆಗೆ ಅಂಟಿಸಿ ಕಟ್ಟಿ ಬದುಕಿಸಿದರು. ಕಾಂಗರೂ ಆರೈಕೆಯೆಂದು ಹೆಸರಾದ ಈ ವಿಧಾನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೂಸನ್ನು ಸೆರಗಿನೊಳಗೆ ಎದೆಗವಚಿಕೊಂಡು ಚಳಿಗಾಲದ ರಾತ್ರಿಗಳನ್ನು ಕಳೆದ ತಾಯಂದಿರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಮತ್ತು ಸಾಂಬ್ರಾಣಿಯ ಹೊಗೆ ತುಂಬಿಸಿ ಬಿಸುಪು ಮಾಡುವುದು ಎಳೆಯ ಶ್ವಾಸಕೋಶಕ್ಕೆ ಸಲ್ಲದು.

ತೇಯ್ದ ಮದ್ದು, ಕಾಡಿಗೆ, ದೃಷ್ಟಿ

ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಅರಿಶಿನದ ಕೊಂಬುಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವುದು ಅಜ್ಜಿಯರ ನಿತ್ಯಕರ್ಮಗಳಲ್ಲಿ ಒಂದು. ಹೊಟ್ಟೆನೋವು, ಅಜೀರ್ಣ, ಶೀತಗಳಿಗೆ ಇದು ಪರಿಹಾರವೆಂಬ ನಂಬಿಕೆ ಆಳವಾದುದು. ಆರು ತಿಂಗಳ ಒಳಗಿನ ಕೂಸಿಗೆ ಇದರಿಂದ ಎರಡು ತೊಂದರೆಗಳುಂಟು: ಕಲ್ಲು, ನೀರು, ಕೈಗಳ ಅಶುಚಿ ಕರುಳಿಗಿಳಿಯುತ್ತದೆ, ಪ್ರಮಾಣ ಮೀರಿದರೆ ಜಾಯಿಕಾಯಿಯಂಥ ವಸ್ತು ಮಂಪರನ್ನು ತರುತ್ತದೆ. ಅತ್ತು ನಿದ್ದೆಹೋದ ಕೂಸಿಗೂ ಮಂಪರು ಕವಿದ ಕೂಸಿಗೂ ವ್ಯತ್ಯಾಸವಿದೆ. ಊರೂರು ತಿರುಗುವವರು ಮಾರುವ ಕತ್ತೆಹಾಲನ್ನು ಕೆಮ್ಮಿಗೆ ಒಳ್ಳೆಯದೆಂದು ಹಸಿಯಾಗಿಯೇ ಕುಡಿಸುವುದೂ ಇದೇ ಸಾಲಿಗೆ ಸೇರಿದುದು.

ಮನೆಯಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆಯನ್ನು ಕೆನ್ನೆಗೋ ಅಂಗಾಲಿಗೋ ದೃಷ್ಟಿಬೊಟ್ಟಾಗಿ ಇಡುವುದರಿಂದ ಯಾವ ಹಾನಿಯೂ ಇಲ್ಲ. ಅದರಿಂದ ಅಜ್ಜಿಯ ಮನಸ್ಸಿಗೆ ಸಮಾಧಾನ. ಕಣ್ಣಿನೊಳಗೆ ಹಚ್ಚುವುದು ಮಾತ್ರ ಬೇಡ. ಅಂಗಡಿಯಲ್ಲಿ ದೊರೆಯುವ ಕೆಲವು ಸುರ್ಮಾಗಳಲ್ಲಿ ಸೀಸವಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ದೃಷ್ಟಿ ತೆಗೆಯುವುದು, ತೊಟ್ಟಿಲಿಗೆ ಹಾಕುವ ಶಾಸ್ತ್ರ, ನಂಜನಗೂಡಿನಲ್ಲಿಯೋ ಮಲೆಮಹದೇಶ್ವರನ ಬೆಟ್ಟದಲ್ಲಿಯೋ ಮುಡಿ ಕೊಡುವ ಹರಕೆ, ಲಿಂಗಾಯತ ಮನೆಗಳ ಲಿಂಗಧಾರಣೆ ಇವೆಲ್ಲ ಕೂಸನ್ನು ಬಂಧುಬಳಗಕ್ಕೆ ಸೇರಿಸಿಕೊಳ್ಳುವ ವಿಧಿಗಳು. ಇವುಗಳೊಡನೆ ವೈದ್ಯಶಾಸ್ತ್ರಕ್ಕೆ ಜಗಳವಿಲ್ಲ. ಜಗಳವಿರುವುದು ಬರೆ ಹಾಕುವ ಕ್ರೂರ ಪದ್ಧತಿಯೊಡನೆ. ಉಸಿರಾಟದ ತೊಂದರೆಗೋ ಹೊಟ್ಟೆಯುಬ್ಬರಕ್ಕೋ ಕಾದ ಕಡ್ಡಿಯಿಂದ ಎಳೆಯ ಚರ್ಮವನ್ನು ಸುಡುವಾಗ ಒಂದು ರೋಗವಿದ್ದ ಕೂಸಿಗೆ ಎರಡು ರೋಗವಾಗುತ್ತದೆ. ಆಸ್ಪತ್ರೆಗೆ ಒಯ್ಯಬೇಕಾದ ಅಮೂಲ್ಯ ಗಂಟೆಗಳೂ ಕಳೆದುಹೋಗುತ್ತವೆ.

ಭೇದಿಯಾದಾಗ ಹಾಲನ್ನೂ ನೀರನ್ನೂ ನಿಲ್ಲಿಸುವ ತಪ್ಪು ಇದರಷ್ಟೇ ಮಾರಕವಾದುದು. ಭೇದಿಯಿಂದ ಸಾಯುವ ಕೂಸು ಸಾಮಾನ್ಯವಾಗಿ ಮೈಯ ನೀರು ಬತ್ತಿ ಸಾಯುತ್ತದೆ. ಎದೆಹಾಲನ್ನು ಹೆಚ್ಚು ಬಾರಿ ಊಡಿಸಬೇಕು. ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಓ.ಆರ್.ಎಸ್. ಪೊಟ್ಟಣವನ್ನು ಬಳಸಬೇಕು. ಅದು ಕೈಗೆಟುಕದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಸಮ ಟೀ ಚಮಚ ಉಪ್ಪನ್ನು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ರಾಗಿ ಸರಿಯ ವಿಜ್ಞಾನ

ಆರು ತಿಂಗಳು ತುಂಬಿದ ಕೂಸಿಗೆ ಹಾಲೊಂದೇ ಸಾಲದು. ಇಲ್ಲಿ ಈ ಸೀಮೆಯ ತಾಯಂದಿರ ಜ್ಞಾನ ಎದ್ದು ಕಾಣುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟಿನಿಂದ ಬೇಯಿಸುವ ರಾಗಿ ಸರಿ ತಲೆಮಾರುಗಳ ಶಿಶು ಆಹಾರ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ; ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬರಲಾರವು.

ಮೊಳಕೆ ಬರಿಸುವುದೇಕೆ? ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳುಗಳ ಶಿಶು ಆಹಾರವನ್ನು ಕುರಿತು ೧೯೮೨ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಉತ್ತರ ನೀಡುತ್ತದೆ. ಸಾಮಾನ್ಯ ಹಿಟ್ಟು ಬೆಂದಾಗ ನೀರು ಹೀರಿ ಗಟ್ಟಿಯಾಗುತ್ತದೆ. ಕೂಸು ನುಂಗಲೆಂದು ಅದನ್ನು ತೆಳು ಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ, ಸತ್ತ್ವದಿಂದಲ್ಲ. ಮೊಳಕೆಯೊಡೆದ ಕಾಳಿನಲ್ಲಿ ಉತ್ಪತ್ತಿಯಾಗುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಒಂದೇ ಬಟ್ಟಲಿನಲ್ಲಿ ಹೆಚ್ಚು ಶಕ್ತಿ ಕೂಸಿನ ಹೊಟ್ಟೆ ಸೇರುತ್ತದೆ. ಹೆಸರುಕಾಳು ಸೇರಿದರೆ ಸಸಾರಜನಕದ ಕೊರತೆಯೂ ನೀಗುತ್ತದೆ. ಅಡುಗೆಮನೆಯ ಅನುಭವವನ್ನು ಪ್ರಯೋಗಶಾಲೆ ಎತ್ತಿಹಿಡಿದ ಉದಾಹರಣೆ ಇದು.

ಇದಕ್ಕೆ ವಿಪರ್ಯಾಸವೆಂಬಂತೆ, ರಾಗಿಯ ನಾಡಿನಲ್ಲಿಯೇ ಇಂದು ಅನೇಕ ಕೂಸುಗಳ ಕೈಗೆ ಮೊದಲು ಬರುವ ತಿನಿಸು ಬಿಸ್ಕತ್ತು. ಹಳೆಯ ಮನೆಗಳಲ್ಲಿ ಕೂಸಿಗೆ ಹಾಲು ಕುಡಿಸಲು ಒಳಲೆಯಿತ್ತು. ತೊಳೆಯಲು ಸುಲಭವಾದ, ಮೂಲೆಮುಡುಕುಗಳಿಲ್ಲದ ಆ ಪುಟ್ಟ ಪಾತ್ರೆಯನ್ನು ಬಿಟ್ಟು ಜನ ರಬ್ಬರಿನ ತೊಟ್ಟಿನ ಸೀಸೆಯನ್ನು ನಾಗರಿಕತೆಯೆಂದು ಕೊಂಡರು. ಇಂದು ದಿನ ತುಂಬದ ಶಿಶುಗಳ ವಾರ್ಡುಗಳಲ್ಲಿ ಹಿಂಡಿ ತೆಗೆದ ಎದೆಹಾಲನ್ನು ಕುಡಿಸುವುದು ಒಳಲೆಯನ್ನೇ ಹೋಲುವ ಪಾತ್ರೆಯಲ್ಲಿ. ಸೀಸೆ ಮತ್ತು ಪುಡಿಹಾಲಿನ ಪ್ರಚಾರವನ್ನು ತಡೆಯಲು ೧೯೯೨ರಲ್ಲಿ ಕೇಂದ್ರ ಸರ್ಕಾರ ಕಾನೂನನ್ನೇ ತರಬೇಕಾಯಿತು. ೨೦೦೩ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು.

ದುಡಿಯುವ ತಾಯಿ, ಮರದ ಕೊಂಬೆಯ ಜೋಳಿಗೆ

ಇಲ್ಲಿಯವರೆಗೆ ಹೇಳಿದ ಸಂಗತಿಗಳನ್ನು ತಿಳಿದ ತಾಯಿಯೂ ಅವನ್ನು ಪಾಲಿಸಲಾರದ ಸಂದರ್ಭಗಳಿವೆ. ಹುಣಸೂರು ಪಿರಿಯಾಪಟ್ಟಣಗಳ ಕಡೆ ಮಳೆಗಾಲದ ತಿಂಗಳುಗಳು ಹೊಗೆಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ಬ್ಯಾರನ್ನಿನಲ್ಲಿ ಹದಗೊಳಿಸುವ ಕಾಲ. ಸೊಪ್ಪು ಕಾಯುವುದಿಲ್ಲ, ಹೆಂಗಸರ ಕೈ ಬೇಕೇ ಬೇಕು. ಕೃಷ್ಣರಾಜನಗರದ ಕಡೆ ನಾಟಿ ಮತ್ತು ಕಳೆ. ಕಾಡಂಚಿನ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ, ವಯನಾಡಿನ ಶುಂಠಿ ಹೊಲಗಳಿಗೆ ಕೂಲಿಯ ಪಯಣ. ಹೊಲದ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ, ತೂಗಲು ಏಳೆಂಟು ವರ್ಷದ ಅಕ್ಕನನ್ನು ನಿಲ್ಲಿಸಿ ದುಡಿಯುವ ತಾಯಿಯ ಚಿತ್ರ ಈ ಸೀಮೆಗೆ ಅಪರಿಚಿತವಲ್ಲ.

ಜೋಳಿಗೆ ಕೆಟ್ಟದ್ದಲ್ಲ, ಕೂಸು ತಾಯಿಯ ಕಣ್ಣಳತೆಯಲ್ಲಿದೆ, ಹಸಿದಾಗ ಹಾಲು ಸಿಗುತ್ತದೆ. ಆದರೆ ಹಸಿ ಹೊಗೆಸೊಪ್ಪಿನ ಅಂಟಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕ ದೇಹವನ್ನು ಸೇರುತ್ತದೆ, ಎದೆಹಾಲಿಗೂ ಇಳಿಯುತ್ತದೆ. ಸೊಪ್ಪು ಮುಟ್ಟಿದ ತಾಯಿ ಸೋಪು ಹಚ್ಚಿ ಮೊಳಕೈವರೆಗೆ ತೊಳೆದು, ಮೇಲುಬಟ್ಟೆ ಬದಲಿಸಿ ಮೊಲೆಯೂಡಿಸಬೇಕು. ಹಾಲು ಕುಡಿಯುವ ಕೂಸಿನ ತಾಯಿಯನ್ನು ಒದ್ದೆ ಸೊಪ್ಪಿನ ಕೆಲಸಕ್ಕೆ ಹಚ್ಚದೆ ಬೇರೆ ಕೆಲಸ ಕೊಡುವುದು ಇನ್ನೂ ಉತ್ತಮ. ಬ್ಯಾರನ್ನಿನ ಬಳಿ ಕೂಸನ್ನು ಮಲಗಿಸಲೇಬಾರದು. ಇದನ್ನು ತಾಯಿಗೆ ಮಾತ್ರ ಹೇಳಿ ಪ್ರಯೋಜನವಿಲ್ಲ. ಕೆಲಸ ಕೊಡುವ ಮನೆಯ ಯಜಮಾನನಿಗೂ ಹೇಳಬೇಕು. ಜೋಳಿಗೆ ತೂಗುವ ಆ ಅಕ್ಕ ಅಂದು ಶಾಲೆಗೆ ಗೈರುಹಾಜರಾಗಿರುತ್ತಾಳೆಂಬುದನ್ನು ಅಧ್ಯಾಪಕರು ಬಲ್ಲರು. ತಮ್ಮನ ಪಾಲನೆಗಾಗಿ ಅಕ್ಕನ ಅಕ್ಷರ ಬಲಿಯಾಗುವುದು ಈ ವಿಷಯದ ಅತ್ಯಂತ ನೋವಿನ ಮುಖ.

ತೂಕದ ಬುಟ್ಟಿ ಮತ್ತು ತಾಯಿ ಕಾರ್ಡು

೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹೊತ್ತಿದ ದೀಪ ಇಂದು ಊರೂರಿನ ಅಂ‌ಗನವಾಡಿಯಾಗಿದೆ. ೨೦೦೫ರ ನಂತರ ಆಶಾ ಕಾರ್ಯಕರ್ತೆಯರು ಬಂದರು. ೨೦೧೭ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಆರಂಭವಾಯಿತು. ಹೆಗ್ಗಡದೇವನಕೋಟೆಯ ಕಾಡಂಚಿನ ಜನರಿಗೆ, ೧೯೮೪ರಲ್ಲಿ ಯುವ ವೈದ್ಯಕೀಯ ವಿದ್ಯಾರ್ಥಿಗಳಿಂದ ಸ್ಥಾಪಿತವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಕೆಂಚನಹಳ್ಳಿ ಮತ್ತು ಸರಗೂರುಗಳಲ್ಲಿ ಆಸ್ಪತ್ರೆಗಳನ್ನು ಕಟ್ಟಿ ವೈದ್ಯಸೇವೆಯನ್ನು ಹತ್ತಿರಕ್ಕೆ ತಂದಿತು.

ಆದರೂ ಕೂಸನ್ನು ತಕ್ಕಡಿಯಲ್ಲಿ ತೂಗಿದರೆ ದೃಷ್ಟಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ ಎಂದು ಅಳುಕುವ ಮನೆಗಳುಂಟು. ತೂಕದ ಮಹತ್ತ್ವವನ್ನು ಮೈಸೂರಿನದೇ ಒಂದು ನಿದರ್ಶನ ತಿಳಿಸುತ್ತದೆ. ನಗರದ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ದಾದಿಯರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಹಾಗೆ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚಾಗಿ ಕಂಡುಬಂದಿತೆಂದು ೧೯೯೬ರಲ್ಲಿ ಪ್ರಕಟವಾದ ಅವರ ವರದಿ ಹೇಳಿತು. ಬಸುರಿಯ ತಟ್ಟೆಯಲ್ಲಿ ಕಡಿಮೆಯಾದುದರ ಲೆಕ್ಕ ಐವತ್ತು ವರ್ಷಗಳ ನಂತರವೂ ತೀರುವುದಿಲ್ಲವೆಂದು ಇದರ ತಾತ್ಪರ್ಯ. ತೂಕದ ಬುಟ್ಟಿ ಅಳೆಯುವುದು ಕೂಸನ್ನಷ್ಟೇ ಅಲ್ಲ, ಮನೆ ಆ ತಾಯಿಗೆ ಏನು ಉಣಬಡಿಸಿತು ಎಂಬುದನ್ನೂ ಅಳೆಯುತ್ತದೆ.

ಚುಚ್ಚುಮದ್ದಿನ ವಿಷಯದಲ್ಲಿ ಈ ಸೀಮೆ ದೇಶದೊಡನೆ ಹೆಜ್ಜೆ ಹಾಕಿದೆ. ಸಿಡುಬನ್ನು ಅಮ್ಮನೆಂದು ಪೂಜಿಸಿ ಅಂಜುತ್ತಿದ್ದ ಕಾಲ ೧೯೭೫ಕ್ಕೆ ಮುಗಿಯಿತು. ಪೋಲಿಯೋ ಇಲ್ಲದ ದೇಶವೆಂಬ ಮನ್ನಣೆ ೨೦೧೪ರಲ್ಲಿ ದೊರೆಯಿತು. ಲಸಿಕೆ ಹಾಕಿಸಿದ ರಾತ್ರಿ ಬರುವ ಸಣ್ಣ ಜ್ವರಕ್ಕೆ ಹೆದರಿ ಮುಂದಿನ ಸರದಿಯನ್ನು ತಪ್ಪಿಸದಂತೆ ತಾಯಿ ಕಾರ್ಡನ್ನು ನೋಡಿಕೊಳ್ಳುವುದು ತಂದೆಯ ಕರ್ತವ್ಯವೂ ಹೌದು.

ಉಪಸಂಹಾರ

ಹಳೆಯ ಪದ್ಧತಿಗಳಲ್ಲಿ ತವರಿನ ವಿಶ್ರಾಂತಿ, ಎಣ್ಣೆಯ ಕೈ, ದೀರ್ಘಕಾಲದ ಎದೆಹಾಲು, ಒಳಲೆ, ರಾಗಿ ಸರಿ, ಜೋಗುಳಗಳು ಉಳಿಯತಕ್ಕವು. ಮೊದಲ ಹಾಲನ್ನು ಚೆಲ್ಲುವುದು, ಜೇನು ನೆಕ್ಕಿಸುವುದು, ಹೊಕ್ಕುಳಿಗೆ ಲೇಪಿಸುವುದು, ಬರೆ, ಬಾಣಂತಿಗೆ ನೀರಿನ ನಿಷೇಧಗಳು ಅಳಿಯತಕ್ಕವು. ಹೊಸತರಲ್ಲಿ ಶುಚಿಯಾದ ಹೆರಿಗೆ, ಲಸಿಕೆ, ತೂಕ, ಓ.ಆರ್.ಎಸ್. ಬರತಕ್ಕವು, ಹಾಲಿನ ಸೀಸೆ ಮತ್ತು ಬಿಸ್ಕತ್ತು ಬರಬಾರದವು. ಈ ಪಟ್ಟಿಯನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ. ಕಷ್ಟವಿರುವುದು ಅದನ್ನು ಮನೆಯೊಳಗೆ ಒಯ್ಯುವುದರಲ್ಲಿ. ಏಕೆಂದರೆ ಹಸುಗೂಸಿನ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವವಳು ಹೆಚ್ಚಾಗಿ ಹತ್ತೊಂಬತ್ತು ಇಪ್ಪತ್ತರ ತಾಯಿಯಲ್ಲ, ಅವಳ ಅತ್ತೆ ಅಥವಾ ತಾಯಿ. ಆ ಹಿರಿಯಳನ್ನು ಅಜ್ಞಾನಿಯೆಂದು ಜರೆದರೆ ಬಾಗಿಲು ಮುಚ್ಚುತ್ತದೆ. ‘ಕರುವಿಗೆ ಗಿಣ್ಣು ಬಿಡುವಿರಲ್ಲ, ಅಜ್ಜಿ, ಮೊಮ್ಮಗುವಿಗೆ ಬಿಡುವುದಿಲ್ಲವೆ?’ ಎಂದು ಕೇಳಿದರೆ ಬಾಗಿಲು ತೆರೆಯುತ್ತದೆ. ಆಕೆಗೆ ಈಗಾಗಲೇ ಗೊತ್ತಿರುವುದನ್ನು ಕೊಟ್ಟಿಗೆಯಿಂದ ಬಾಣಂತಿಯ ಕೋಣೆಗೆ ತರುವುದಷ್ಟೇ ಉಳಿದಿರುವ ಕೆಲಸ.

ಈ ಕೆಲಸದಲ್ಲಿ ಶಾಲೆಗಳಿಗೆ ಪಾಲಿದೆ. ಇಂದು ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗಿ ಹತ್ತು ವರ್ಷಗಳೊಳಗೆ ತಾಯಿಯಾಗುವವಳು. ಪಕ್ಕದ ಸಾಲಿನ ಹುಡುಗ ತಂದೆಯಾಗುವವನು. ಜೀವವಿಜ್ಞಾನದ ಪಾಠದ ನಡುವೆ ಗಿಣ್ಣಿನ ಮಾತು, ರಸಾಯನವಿಜ್ಞಾನದ ನಡುವೆ ಮೊಳಕೆ ರಾಗಿಯ ಕಿಣ್ವದ ಮಾತು, ಗಣಿತದ ನಡುವೆ ಕೂಸಿನ ತೂಕದ ರೇಖಾಪಟದ ಮಾತು ಬಂದರೆ ಅದು ಪಠ್ಯದ ಹೊರೆಯಾಗುವುದಿಲ್ಲ. ಜೋಳಿಗೆ ತೂಗಲು ಉಳಿದ ಹುಡುಗಿ ಮರಳಿ ತರಗತಿಗೆ ಬರುವಂತೆ ಹೊಲದ ಸಮೀಪದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಒಂದು ನೆರಳಿನ ಮನೆ ಎದ್ದರೆ, ದಾನಿಗಳ ದ್ರವ್ಯಕ್ಕೆ ಅದಕ್ಕಿಂತ ಸಾರ್ಥಕವಾದ ವಿನಿಯೋಗ ಕಡಿಮೆ. ಅಲ್ಲಿ ತಮ್ಮ ತೊಟ್ಟಿಲಲ್ಲಿ ಮಲಗಿರುತ್ತಾನೆ, ಅಕ್ಕ ಹಲಗೆಯ ಮುಂದೆ ಕುಳಿತಿರುತ್ತಾಳೆ, ತಾಯಿ ಕೈ ತೊಳೆದು ಹಾಲೂಡಿಸಲು ಬರುತ್ತಾಳೆ.